ಓರೆಗೆರೆ

ಡೊಂಬಿವಿಲಿ, ಮೂರನೇ ಮಾಳಿಗೆ. ಕರೆಂಟು ಈಗಷ್ಟೇ ಬಂದಿದೆ.
ಪಕ್ಕದ ಮನೆಯ ತನ್ಮಯಿ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು
ಬೆರಳುದ್ದದ ಪೆನ್‌ಡ್ರೈವಿಗೆ ಏನನ್ನೋ ಇಳಿಸುತ್ತ ಗೊಣಗಿದಳು:
"ಮಿಕ್ಕ ಆಜ್ಞೆಗಳೆಲ್ಲ ಪುಟ್ಟ ಅಡ್ಡಗೆರೆ ಎಳೆದು ಮಾತಾಡುತ್ತವೆ ಆಂಟಿ,
ಇದೊಂದು ಮಾತ್ರ ಇದು ಸಮ ಅದು, ಅದು ಸಮ ಇದು ಅಂತ
ಬೇರೆ ಸೀಮೆಯ ಸೊಸೆಯ ಹಾಗೆ.
ಡಿಡಿ ಅಂತೆ. ಯಾವ ಕಾಲದವರು ಬರೆದರೋ."

ಒಲೆಯ ಮೇಲೆ ಹಾಲು ಉಕ್ಕಿತು. ನಾನು ಏಳಲಿಲ್ಲ.

ಡಿಡಿ.
ಬೇರೆಯವರ ಬಾಯಲ್ಲಿ ಆ ಹೆಸರು ಕೇಳಿ
ಮೂವತ್ತೆಂಟು ವರ್ಷ.

ಬಲ್ಲಾರ್ಡ್ ಎಸ್ಟೇಟಿನ ವಿಮಾ ಕಂಪನಿ,
ಮೇ ತಿಂಗಳಲ್ಲೂ ಸ್ವೆಟರು ಹಾಕಿ ಕೂರುವ ಕೋಣೆ.
ಕಾರವಾರದ ಹುಡುಗಿ ನಾನು, ಚಳಿಯೆಂದರೇನು ಎಂದು
ಆ ಯಂತ್ರದ ಪಕ್ಕದಲ್ಲೇ ಕಲಿತದ್ದು.
ಕೆಳಗೆ ಗೇಟಿನಲ್ಲಿ ಮೋರ್ಚಾ, ನಮ್ಮ ಅನ್ನ ತಿನ್ನಲು ಬಂದಿದೆ ಎಂದು.
ಮಧ್ಯಾಹ್ನ ಅವರೂ ನಾವೂ ಒಂದೇ ಗಾಡಿಯ ವಡಾಪಾವ್ ತಿಂದೆವು.

ಪ್ರತಿ ಕಾರ್ಡಿನ ನೆತ್ತಿಗೂ ಎರಡು ಓರೆಗೆರೆ,
ಅಪ್ಪ ಕಾಗದದ ಮೇಲ್ತುದಿಗೆ ಶ್ರೀ ಬರೆಯುತ್ತಿದ್ದ ಹಾಗೆ.
ಆಮೇಲೆ ಹೆಸರು. ಎಂಟು ಅಕ್ಷರ ಮೀರುವಂತಿಲ್ಲ.
ಇಂಗ್ಲಿಷಿನಲ್ಲಿ ಶೇವಂತಿ ಸರಿಯಾಗಿ ಎಂಟು;
ಅನ್ನಪೂರ್ಣೆಯ ಬಾಲ ಕತ್ತರಿಸಬೇಕಾಯಿತು.
ಯಾವ ಟೇಪು, ಯಾವ ಡಿಸ್ಕು, ಎಷ್ಟು ಜಾಗ,
ಕೆಲಸ ಸರಿಹೋದರೆ ಫೈಲು ಉಳಿಯಬೇಕೋ, ಕೆಟ್ಟರೆ ಅಳಿಯಬೇಕೋ
ಎಲ್ಲ ಮೊದಲೇ ಹೇಳಬೇಕು,
ತಾಳಿ ಕಟ್ಟುವ ಮುಂಚೆ ಸೋಡಚೀಟಿಯನ್ನೂ ಬರೆಸಿಟ್ಟಂತೆ.

ಷರತ್ತಂತೂ ತಲೆಕೆಳಗು.
ಷರತ್ತು ನಿಜವಾದರೆ ಆ ಹೆಜ್ಜೆ ಇಡಬೇಡ, ದಾಟಿಬಿಡು.
ವರ್ಷಗಟ್ಟಲೆ ಬರೆದೂ ಬರೆದೂ ಬುದ್ಧಿಗೆ ಅದೇ ರೂಢಿ.
ಹುಡುಗ ಒಳ್ಳೆಯವನೋ, ಮನೆತನ ಸರಿಯೋ,
ಹಾಗಾದರೆ ದಾಟು.
ಮೂರು ಸಂಬಂಧ ದಾಟಿದೆ.

ಏನೂ ಮಾಡದ ಪ್ರೋಗ್ರಾಮೊಂದಿತ್ತು.
ಕರೆದರೆ ಬರುವುದು, ಬಂದ ದಾರಿಯಲ್ಲೇ ಮರಳುವುದು.
ಅಷ್ಟಕ್ಕೇ ಫೈಲುಗಳು ಹುಟ್ಟುತ್ತಿದ್ದವು, ಸಾಯುತ್ತಿದ್ದವು.
ಅದಕ್ಕೆ ನಾವು ಸಾಳವಿ ಸಾಹೇಬರು ಎನ್ನುತ್ತಿದ್ದೆವು.
ಅದರ ಮೊದಲ ಆವೃತ್ತಿಯಲ್ಲೂ ಒಂದು ತಪ್ಪಿತ್ತಂತೆ!
ಏನೂ ಮಾಡದಿರುವುದೂ ಸುಲಭವಲ್ಲ.

ಜುಲೈ. ಹಳಿಯ ಮೇಲೆ ನೀರು.
ತೇವಕ್ಕೆ ಉಬ್ಬಿದ ಕಾರ್ಡುಗಳನ್ನು ಯಂತ್ರ ಜಗಿದು ಉಗುಳಿದ ದಿನ
ಟ್ರೇ ಹಿಡಿದು ಮೆಟ್ಟಿಲಿಳಿಯುತ್ತ ಜಾರಿದೆ.
ಎರಡು ಸಾವಿರ ಕಾರ್ಡು, ಮೂರು ಮಹಡಿಯುದ್ದಕ್ಕೂ.
ಝರೀನ್ ಬೈಯಲಿಲ್ಲ.
ಕಟ್ಟಿನ ಅಂಚಿಗೆ ಮೊದಲೇ ಅವಳು ಕೆಂಪು ಸ್ಕೆಚ್‌ಪೆನ್ನಿನಿಂದ
ಮೂಲೆಯಿಂದ ಮೂಲೆಗೆ ಒಂದು ಓರೆಗೆರೆ ಎಳೆದಿದ್ದಳು.
ಒಂದೊಂದು ಕಾರ್ಡಿಗೂ ಒಂದೊಂದು ಕೆಂಪು ಚುಕ್ಕಿ, ಅಷ್ಟೇ.
ಚುಕ್ಕಿಗೆ ಚುಕ್ಕಿ ಹೊಂದಿಸುತ್ತ ಕೂತೆವು,
ಕೊನೆಯ ಲೋಕಲ್ಲೂ ಹೋಯಿತು,
ಗೆರೆ ಮತ್ತೆ ನೇರವಾಯಿತು.
ಝರೀನ್ ಹೋದ ಸುದ್ದಿ ನನಗೆ ಆರು ತಿಂಗಳು ತಡವಾಗಿ ಬಂತು.

"ನಿಮ್ಮ ಭಾಷೆಯಾ ಇದು?" ತನ್ಮಯಿಗೆ ನಗು.
ನಮ್ಮದನ್ನು ಗೇಲಿ ಮಾಡಲೆಂದೇ ಇಟ್ಟದ್ದಂತೆ, ಯೂನಿಕ್ಸಿನ ಹುಡುಗರು.
ಇರಲಿ. ಗೇಲಿ ಮಾಡುವವನಿಗೂ ಮಾತು ಬರಬೇಕಲ್ಲ.
ನೋಡು, ನಿನ್ನ ಕಪ್ಪು ಕಿಟಕಿ ತೆರೆದಾಗ ಎಂಬತ್ತು ಅಕ್ಷರ ಅಗಲ.
ಯಾಕೆ? ಕಾರ್ಡಿಗೆ ಎಂಬತ್ತು ಮನೆ.
ಈ ಡಿಡಿಗೆ ನಮ್ಮ ಹಳೆಯ ಲಿಪಿ ಇನ್ನೂ ಓದಲು ಬರುತ್ತದೆ,
ಐ ಆದ ಮೇಲೆ ಜೆ ಬರುವ ಮುನ್ನ ಏಳು ಮನೆ ಖಾಲಿಯಿದ್ದ ಲಿಪಿ,
ಚೆನ್ನೆಮಣೆಯ ಒಂದು ಸಾಲಿನಷ್ಟು.

ಅವಳು ಬೆರಳಿಟ್ಟು ಎಣಿಸಿದಳು. ಎಣಿಸಿ ಸುಮ್ಮನಾದಳು.
ಆಮೇಲೆ ಕೇಳಿದಳು,
ಕೆಲಸ ಮುಗಿಯಿತೆಂದು ಯಂತ್ರಕ್ಕೆ ಹೇಗೆ ಹೇಳುತ್ತಿದ್ದಿರಿ?

ಎರಡು ಓರೆಗೆರೆ ಮಗಾ.
ಮುಂದೆ ಎಪ್ಪತ್ತೆಂಟು ಮನೆ ಖಾಲಿ.

ಎಂದು ಹೇಳಿ, ಸೀದ ಹಾಲಿನ ಪಾತ್ರೆ
ಉಜ್ಜಲು ಎದ್ದೆ.